ದಶಮಾಂಶಗಳಲ್ಲಿ ಹಿರಿದಾವುದು, ಕಿರಿದಾವುದು?

ಆಟಿ ತಿಂಗಳ ಮಳೆಗೆ ನೇತ್ರಾವತಿ ಕೆಂಪು ನೀರನ್ನು ಹೊತ್ತು ತುಂಬಿ ಹರಿಯತೊಡಗಿದಾಗ ಬಂಟ್ವಾಳದ ಜನರು ದಿನವೂ ಕಿವಿಗೊಟ್ಟು ಕೇಳುವ ಸಂಖ್ಯೆಯೊಂದಿದೆ. ಅದು 8.5. ಅಲ್ಲಿ ನದಿಯ ಮಟ್ಟ 8.5 ಮೀಟರನ್ನು ಮುಟ್ಟಿತೆಂದರೆ ಅಪಾಯದ ಗೆರೆಯನ್ನು ಮುಟ್ಟಿತೆಂದು ಲೆಕ್ಕ. 1923ರ ನೆರೆಯ ಕಥೆಯನ್ನು ಕೇಳಿ ಬೆಳೆದವರೂ 1974ರ ನೆರೆಯನ್ನು ಕಣ್ಣಾರೆ ಕಂಡವರೂ ಇರುವ ಊರಿನಲ್ಲಿ ಈ ಗೆರೆ ಬರಿಯ ಅಂಕಗಣಿತದ ಮಾತಲ್ಲ. ಪೇಟೆಯ ಅಂಗಡಿಯ ಸಾಮಾನನ್ನು ಮಾಳಿಗೆಗೆ ಏರಿಸಬೇಕೇ ಬೇಡವೇ, ಹಟ್ಟಿಯ ದನಗಳ ಹಗ್ಗವನ್ನು ಬಿಚ್ಚಬೇಕೇ ಬೇಡವೇ ಎಂಬ ಮಾತು. ಈಗ ಒಂದು ಮುಂಜಾನೆ ನೀರಿನ ಮಟ್ಟ 8.45 ಮೀಟರ್ ಎಂದು ಪ್ರಕಟವಾಯಿತೆಂದು ಇಟ್ಟುಕೊಳ್ಳೋಣ. ನೀರು ಗೆರೆಯ ಮೇಲಿದೆಯೋ, ಕೆಳಗಿದೆಯೋ?

ಇದೂ ಒಂದು ಪ್ರಶ್ನೆಯೇ ಎಂದು ವಾಚಕರು ನಗಬಹುದು. ನೀರು ಇನ್ನೂ 5 ಸೆಂಟಿಮೀಟರ್ ಕೆಳಗಿದೆ ಎಂಬುದು ನಿಜ. ಆದರೆ ‘ಎಂಟು ಪಾಯಿಂಟ್ ನಲವತ್ತೈದು’ ಎಂದು ಓದಲು ಕಲಿತ ಹುಡುಗನು ಅದರ ಪಕ್ಕದಲ್ಲಿ ‘ಎಂಟು ಪಾಯಿಂಟ್ ಐದು’ ಎಂಬುದನ್ನು ಇಟ್ಟು ನೋಡಿದಾಗ, ಐದಕ್ಕಿಂತ ನಲವತ್ತೈದು ದೊಡ್ಡದಾದುದರಿಂದ ನೀರು ಗೆರೆಯನ್ನು ದಾಟಿಯೇ ಹೋಯಿತೆಂದು ತೀರ್ಮಾನಿಸುತ್ತಾನೆ. ಇದು ಐದನೆಯ ಆರನೆಯ ತರಗತಿಗೆ ಮುಗಿದುಹೋಗುವ ತಪ್ಪಲ್ಲ. ಕಾಲೇಜಿನ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ತಂತಿಗಳ ವ್ಯಾಸವನ್ನು ಅಳೆದು, 0.45 ಮಿಲಿಮೀಟರಿನ ತಂತಿಯೇ 0.5 ಮಿಲಿಮೀಟರಿನ ತಂತಿಗಿಂತ ದಪ್ಪವೆಂದು ಬರೆದಿಡುವ ವಿದ್ಯಾರ್ಥಿಗಳನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ಎರಡನೆಯ ತಂತಿಯನ್ನು ಇಡುವುದಕ್ಕೆ ಸ್ಕ್ರೂಗೇಜಿನ ದವಡೆಯನ್ನು ಹೆಚ್ಚು ತೆರೆದವರೂ ಅವರೇ. ಉಪಕರಣ ಒಂದನ್ನು ಹೇಳುತ್ತದೆ, ಬರೆದ ಅಂಕಿ ಇನ್ನೊಂದನ್ನು ಹೇಳುವಂತೆ ತೋರುತ್ತದೆ. ಅವರು ನಂಬುವುದು ಅಂಕಿಯನ್ನು.

ಇದನ್ನು ಮಕ್ಕಳ ಅಲಕ್ಷ್ಯವೆಂದೋ ಮಂದಬುದ್ಧಿಯೆಂದೋ ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪ್ರಾಥಮಿಕ ಶಾಲೆಯಲ್ಲಿ ದಶಮಾಂಶಗಳನ್ನು ಹೋಲಿಸಲು ಕಲಿಸುವ ಕ್ರಮದಲ್ಲಿಯೇ ದೋಷವಿದೆ ಎಂಬುದು ನಮ್ಮ ಅಭಿಪ್ರಾಯ. ಎರಡು ಸಂಖ್ಯೆಗಳ ನಡುವೆ ಒಂದು ಖಾಲಿ ಚೌಕವನ್ನು ಬರೆದು ಅದರಲ್ಲಿ <, > ಅಥವಾ = ಚಿಹ್ನೆಯನ್ನು ತುಂಬು ಎಂದು ಕೇಳುತ್ತೇವೆ. ಚಿಹ್ನೆ ಎಂದರೆ ತೀರ್ಪು. ಮಗುವಿನ ಮುಂದೆ ವಾದಿ ಪ್ರತಿವಾದಿಗಳ ಮಾತೇ ನಡೆದಿಲ್ಲ. ತೀರ್ಪನ್ನು ಮಾತ್ರ ಬರೆ ಎಂದರೆ ಅದು ಕಣ್ಣಿಗೆ ಕಂಡ ಉದ್ದವನ್ನು ನೋಡಿ ಬರೆದುಬಿಡುತ್ತದೆ.

ಮಕ್ಕಳು ತಪ್ಪುವುದು ಮನಬಂದಂತೆ ಅಲ್ಲ, ನಿಯಮಬದ್ಧವಾಗಿ ಎಂಬುದನ್ನು 1985ರಲ್ಲಿ ಫ್ರಾನ್ಸಿನ ಸಾಕೂರ್-ಗ್ರಿಸ್ವಾರ್ ಮತ್ತು ಲೆಯೊನಾರ್ ಎಂಬವರು ತೋರಿಸಿಕೊಟ್ಟರು. ಆಮೇಲೆ ಆಸ್ಟ್ರೇಲಿಯದ ಮೆಲ್ಬೋರ್ನಿನಲ್ಲಿ ಕೇಯ್ ಸ್ಟೇಸಿ, ವಿಕಿ ಸ್ಟೈನ್ಲ್ ಎಂಬ ವಿದುಷಿಯರು ಈ ನಿಯಮಗಳನ್ನು ವಿಸ್ತಾರವಾಗಿ ಪರೀಕ್ಷಿಸಿದರು. ಕೆಲವು ಮಕ್ಕಳಿಗೆ ಉದ್ದವಾದುದೇ ಹಿರಿದು, ಅವರಿಗೆ 0.45 ಎಂಬುದು 0.5ಕ್ಕಿಂತ ಹೆಚ್ಚು. ಇನ್ನು ಕೆಲವರಿಗೆ ಗಿಡ್ಡವಾದುದೇ ಹಿರಿದು. ಇವರು ಸ್ವಲ್ಪ ಮುಂದುವರಿದವರು: ನೂರರಲ್ಲೊಂದು ಪಾಲು ಹತ್ತರಲ್ಲೊಂದು ಪಾಲಿಗಿಂತ ಚಿಕ್ಕದೆಂದು ಅರಿತು, ಶತಾಂಶಗಳವರೆಗೆ ಹೋದ ಸಂಖ್ಯೆಯೆಲ್ಲ ದಶಾಂಶಕ್ಕೆ ನಿಂತ ಸಂಖ್ಯೆಗಿಂತ ಚಿಕ್ಕದೆಂದು ಎಣಿಸಿದವರು. ಅವರ ಪ್ರಕಾರ 0.75 ಎಂಬುದು 0.5ಕ್ಕಿಂತ ಕಡಿಮೆ. ಮೂರನೆಯ ಬಗೆಯವರೂ ಉಂಟು. ಮೂರರಲ್ಲೊಂದು ಪಾಲು ನಾಲ್ಕರಲ್ಲೊಂದು ಪಾಲಿಗಿಂತ ದೊಡ್ಡದೆಂದು ಭಿನ್ನರಾಶಿಯ ಪಾಠದಲ್ಲಿ ಕಲಿತುದನ್ನು ಇಲ್ಲಿಗೂ ತಂದು 0.3 ಎಂಬುದೇ 0.4ಕ್ಕಿಂತ ದೊಡ್ಡದೆನ್ನುವವರು. ಪ್ರತಿಯೊಂದು ತಪ್ಪಿನ ಹಿಂದೆಯೂ ಹಿಂದೊಮ್ಮೆ ಸರಿಯಾಗಿ ಕಲಿತ ಪಾಠವೊಂದಿದೆ ಎಂಬುದನ್ನು ಗಮನಿಸಬೇಕು.

ಇದರಲ್ಲಿ ಉಪಾಧ್ಯಾಯರನ್ನು ಮೋಸಗೊಳಿಸುವ ಅಂಶವೊಂದಿದೆ. ತಪ್ಪು ನಿಯಮವನ್ನು ಹಿಡಿದ ಮಗುವೂ ಅನೇಕ ಸಲ ಸರಿಯುತ್ತರವನ್ನೇ ಕೊಡುತ್ತದೆ. ಉದ್ದವಾದುದೇ ಹಿರಿದೆಂಬ ಹುಡುಗಿ 0.75 > 0.5 ಎಂದು ಬರೆದು ಪೂರ್ಣಾಂಕ ಪಡೆಯುತ್ತಾಳೆ. ಗಿಡ್ಡವಾದುದೇ ಹಿರಿದೆಂಬ ಹುಡುಗ 0.45 < 0.5 ಎಂದು ಬರೆದು ಪಡೆಯುತ್ತಾನೆ. ಇನ್ನು 0.35, 0.72 ಎಂಬಂಥ ಸಮಾನ ಉದ್ದದ ಜೋಡಿಗಳನ್ನು ಕೊಟ್ಟರಂತೂ ಬಿಂದುವನ್ನು ಅಳಿಸಿಹಾಕಿದರೂ ಉತ್ತರ ಬದಲಾಗದು. ಅಭ್ಯಾಸಗಳಲ್ಲಿ ಇಂಥ ಜೋಡಿಗಳೇ ತುಂಬಿರುವಾಗ ಮಗು ದಶಮಾಂಶವನ್ನು ಅರಿಯದೆಯೇ ದಶಮಾಂಶದ ಪಾಠದಲ್ಲಿ ಉತ್ತೀರ್ಣವಾಗುತ್ತದೆ.

ಮಗುವಿನ ಸುತ್ತಲ ಜಗತ್ತೂ ಈ ಭ್ರಮೆಯನ್ನು ದಿನವೂ ಪೋಷಿಸುತ್ತಿದೆ. ಕ್ರಿಕೆಟಿನ ಫಲಕದಲ್ಲಿ 19.5 ಎಂದರೆ ಹತ್ತೊಂಬತ್ತೂವರೆ ಓವರಲ್ಲ. ಹತ್ತೊಂಬತ್ತು ಓವರು, ಐದು ಎಸೆತ. ಮುಂದಿನ ಎಸೆತಕ್ಕೆ ಅದು 20 ಆಗುತ್ತದೆ. ಪತ್ರಿಕೆಯಲ್ಲಿ ಸಭೆಯ ಸಮಯ 9.30 ಎಂದಿದ್ದರೆ ಬಿಂದುವಿನ ಬಲಗಡೆಯವು ಅರುವತ್ತಕ್ಕೆ ಮುಗಿಯುವ ನಿಮಿಷಗಳು. ಪಠ್ಯಪುಸ್ತಕದಲ್ಲಿಯೇ 1.9 ಎಂಬ ಪ್ರಕರಣವಾದ ಮೇಲೆ 1.10 ಬರುತ್ತದೆ, ಗಣಿತದ ಪ್ರಕಾರ ಎರಡನೆಯದು ಮೊದಲನೆಯದಕ್ಕಿಂತ ಬಹಳ ಹಿಂದೆ ಇರಬೇಕಾದುದು! ಇವೆಲ್ಲವುಗಳಲ್ಲಿ ಬಿಂದು ಎರಡು ಬೇರೆಬೇರೆ ಪೂರ್ಣಾಂಕಗಳ ನಡುವಣ ಬೇಲಿ. ದಶಮಾಂಶ ಬಿಂದು ಬೇಲಿಯಲ್ಲ. ಎಡದಿಂದ ಬಲಕ್ಕೆ ಒಂದೊಂದು ಸ್ಥಾನಕ್ಕೂ ಬೆಲೆ ಹತ್ತು ಪಟ್ಟು ಕುಗ್ಗುತ್ತ ಬರುವ ಒಂದೇ ಸಾಲಿನಲ್ಲಿ, ಬಿಡಿಸ್ಥಾನ ಇಲ್ಲಿದೆ ಎಂದು ತೋರಿಸುವ ಗುರುತು ಮಾತ್ರ.

ಬೆಳ್ತಂಗಡಿಯ ವಾಚಕರಿಗೆ ಇದಕ್ಕಿಂತ ಸ್ವಾರಸ್ಯವಾದ ಉದಾಹರಣೆಯೊಂದು ಮನೆಯ ಬಾಗಿಲಲ್ಲಿಯೇ ಇದೆ. ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಭೂಮಿಯನ್ನು ಎಕ್ರೆ ಸೆಂಟ್ಸುಗಳಲ್ಲಿ ಹೇಳುವುದು ಮದರಾಸು ಸರಕಾರದ ಕಾಲದಿಂದ ಬಂದ ವಾಡಿಕೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೂ ಆ ವಾಡಿಕೆ ಹೋಗಲಿಲ್ಲ. ಒಂದು ಎಕ್ರೆಗೆ 100 ಸೆಂಟ್ಸು. ಚಾರ್ಮಾಡಿ ಘಟ್ಟವನ್ನು ಹತ್ತಿ ಚಿಕ್ಕಮಗಳೂರಿನ ಸೀಮೆಗೆ ಹೋದರೆ ಅಲ್ಲಿ ಎಕ್ರೆಗೆ 40 ಗುಂಟೆ. ಈಗ ಎರಡೂವರೆ ಎಕ್ರೆಯ ತೋಟವನ್ನು ಬರೆಯಿರಿ. ಘಟ್ಟದ ಕೆಳಗೆ ಅದು 2.50, ಘಟ್ಟದ ಮೇಲೆ 2 ಎಕ್ರೆ 20 ಗುಂಟೆ, ಅಂದರೆ 2.20. ನೆಲವೊಂದೇ, ಬಿಂದುವಿನ ಅರ್ಥ ಬೇರೆ. ಕೆಳಗಿನದು ನಿಜವಾದ ದಶಮಾಂಶ, ಮೇಲಿನದು ಬೇಲಿ. ಘಟ್ಟದ ಮೇಲಣ ಪತ್ರದಲ್ಲಿ 2.39ರ ಬಳಿಕ ಒಂದು ಗುಂಟೆ ಸೇರಿದರೆ 3.00 ಎಂದಾಗಬೇಕು. ಇಂಥ ಎರಡು ಬರಹಗಳ ನಡುವೆ < ಅಥವಾ > ಇಡುವ ಮೊದಲು ಬಿಂದು ಯಾವ ಜಾತಿಯದೆಂದು ಕೇಳಬೇಕಾಗುತ್ತದೆ.

ನಿಜವಾದ ದಶಮಾಂಶವಿರುವ ಕಡೆಯೂ ಅಪಾಯ ತಪ್ಪಿದ್ದಲ್ಲ. 1 ಎಕ್ರೆ 5 ಸೆಂಟ್ಸನ್ನು 1.05 ಎಂದು ಬರೆಯಬೇಕು. ಬಿಂದುವನ್ನು ಬೇಲಿಯೆಂದು ತಿಳಿದವನು 1.5 ಎಂದು ಬರೆಯುತ್ತಾನೆ. ಎರಡಕ್ಕೂ ಇರುವ ಅಂತರ 45 ಸೆಂಟ್ಸು, ಎಂದರೆ ಹತ್ತೊಂಬತ್ತು ಸಾವಿರ ಚದರಡಿಗೂ ಮೀರಿದ ನೆಲ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಅಡಕೆಯ ಸಂಶೋಧನಾ ಕೇಂದ್ರವಿರುವುದನ್ನು ವಾಚಕರು ಬಲ್ಲರು. ಅಡಕೆಗೆ ಶಿಫಾರಸು ಮಾಡಿರುವ 2.7 ಮೀಟರ್ ಅಂತರದಲ್ಲಿ ಸಸಿ ನೆಟ್ಟರೆ ಈ 45 ಸೆಂಟ್ಸಿನಲ್ಲಿ ಸುಮಾರು 250 ಮರಗಳು ಹಿಡಿಯುತ್ತವೆ. ಒಂದು ಸೊನ್ನೆಯ ಬೆಲೆ 250 ಅಡಕೆ ಮರವೆಂದು ಲೆಕ್ಕ ಹಾಕಿ ತೋರಿಸಿದರೆ ನಮ್ಮೂರಿನ ಹುಡುಗರು ಆ ಸೊನ್ನೆಯನ್ನು ಮರೆಯಲಾರರು.

ಹಿಂದಿನವರು ಈ ತೊಡಕಿಗೆ ಸಿಕ್ಕಿರಲಿಲ್ಲ ಎಂಬುದನ್ನೂ ಹೇಳಬೇಕು. ಅರೆ, ಕಾಲು, ಅರೆಕಾಲು, ವೀಸ ಎಂದು ನಮ್ಮ ಭಾಷೆಯಲ್ಲಿ ಒಂದರ ಪಾಲುಗಳಿಗೆ ಹೆಸರುಗಳಿದ್ದುವು. ಒಂದೊಂದೂ ತನ್ನ ಹಿಂದಿನದರ ಅರ್ಧ. ರೂಪಾಯಿಗೆ 16 ಆಣೆ ಇದ್ದುದೂ ಈ ಅರ್ಧಿಸುವ ಕ್ರಮಕ್ಕೆ ಹೊಂದಿಕೆಯಾಗಿಯೇ ಇತ್ತು. ವೀಸ ಹಿರಿದೋ ಕಾಲು ಹಿರಿದೋ ಎಂದು ಅಂಗಡಿಗೆ ಹೋಗುವ ಹುಡುಗನನ್ನು ಯಾರೂ ಕೇಳಬೇಕಾಗಿರಲಿಲ್ಲ. ಹೆಸರೇ ಗಾತ್ರವನ್ನು ಹೇಳುತ್ತಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಯನ್ನು 100 ನಯೇಪೈಸೆಗಳಾಗಿ ಮಾಡಲಾಯಿತು. 1958ರ ಅಕ್ಟೋಬರಿನಿಂದ ಕಿಲೋಗ್ರಾಮು ಮೀಟರುಗಳು ಹಂತಹಂತವಾಗಿ ಸೇರು ಗಜಗಳ ಜಾಗಕ್ಕೆ ಬಂದುವು. 3 ಕಳಸಿಗೆಗೆ ಒಂದು ಮುಡಿ, ಕಳಸಿಗೆಗೆ 14 ಸೇರು ಎಂದು ಅಕ್ಕಿಯನ್ನು ಲೆಕ್ಕ ಹಾಕುತ್ತಿದ್ದ ನಮ್ಮ ಸೀಮೆಗೆ ಅದು ಎಷ್ಟು ದೊಡ್ಡ ಸೌಕರ್ಯವೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಸೌಕರ್ಯಕ್ಕೆ ಒಂದು ಬೆಲೆಯನ್ನು ತೆತ್ತೆವು. ಹೆಸರುಗಳು ಹೋಗಿ ಸ್ಥಾನಗಳು ಬಂದುವು. ಹತ್ತರಲ್ಲೊಂದಕ್ಕೆ ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಕಾಲು ವೀಸಗಳಂತೆ ನಾಲಗೆಯ ಮೇಲೆ ನಿಲ್ಲುವ ಹೆಸರಿಲ್ಲ. ಆ ಕೊರತೆಯನ್ನು ಪೈಸೆ ಸ್ವಲ್ಪ ಕಾಲ ತುಂಬಿತು. 25 ಪೈಸೆಯೂ ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳೂ 2011ರ ಜೂನ್ ಕೊನೆಯಲ್ಲಿ ಚಲಾವಣೆಯಿಂದ ಹೋದ ಮೇಲೆ ಅದೂ ಇಲ್ಲವಾಯಿತು. ಹತ್ತು ಪೈಸೆಯನ್ನು ಕಾಣದ ಮಗುವಿಗೆ ರೂಪಾಯಿ ಪೈಸೆಯ ಉದಾಹರಣೆಯಿಂದ ದಶಮಾಂಶವನ್ನು ಕಲಿಸಹೊರಡುವುದು ಕಾಣದ ಊರಿಗೆ ಕೇಳದ ದಾರಿ ಹೇಳಿದಂತೆ.

ದಶಮಾಂಶವನ್ನು ಯುರೋಪಿನಲ್ಲಿ ಪ್ರಚಾರಕ್ಕೆ ತಂದ ಸೈಮನ್ ಸ್ಟೆವಿನ್ ಈ ಕಷ್ಟವನ್ನು ಮೊದಲೇ ಊಹಿಸಿದಂತಿದೆ. ಸಮರ್ಕಂದದ ಅಲ್‌ಕಾಶಿ 1427ರಲ್ಲಿಯೇ ಇಂಥ ಭಿನ್ನರಾಶಿಗಳನ್ನು ವಿವರಿಸಿದ್ದನು. ಸ್ಟೆವಿನ್ನನ ಚಿಕ್ಕ ಪುಸ್ತಕ ಬಂದುದು 1585ರಲ್ಲಿ. ಅದನ್ನು ಅವನು ಖಗೋಲಜ್ಞರಿಗೆ, ಭೂಮಾಪಕರಿಗೆ, ವರ್ತಕರಿಗೆ ಅರ್ಪಿಸಿದ್ದಾನೆ. ಅವನ ಬರಹದಲ್ಲಿ ಬಿಂದುವಿಲ್ಲ. ಪ್ರತಿ ಅಂಕಿಯ ಮಗ್ಗುಲಲ್ಲಿ ಒಂದು ಸಣ್ಣ ವೃತ್ತ, ಅದರೊಳಗೆ ಸ್ಥಾನದ ಸಂಖ್ಯೆ. 8.45 ಎಂಬುದನ್ನು ಅವನು 8⓪4①5② ಎಂದು ಬರೆಯುತ್ತಿದ್ದನು, 8.5 ಎಂಬುದು 8⓪5①. ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ ಮೊದಲನೆಯದರಲ್ಲಿ ① ಎಂಬ ಸ್ಥಾನದ 4, ಎರಡನೆಯದರಲ್ಲಿ ಅದೇ ಸ್ಥಾನದ 5 ಎಂಬುದು ಮಗುವಿಗೂ ಕಾಣುತ್ತದೆ. 45ನ್ನೂ 5ನ್ನೂ ಹೋಲಿಸುವ ಯೋಚನೆಯೇ ಬಾರದು. ಬರಹ ಉದ್ದವಾಯಿತೆಂದು ಮುಂದಿನವರು ವೃತ್ತಗಳನ್ನು ಕೈಬಿಟ್ಟರು. ಬಲ್ಲವರಿಗೆ ಅದು ಲಾಭ. ಕಲಿಯುವವನಿಗೆ, ಕಂಬಗಳಿಂದ ಊರಿನ ಹೆಸರುಗಳನ್ನು ಅಳಿಸಿ ಬರಿಯ ಕಂಬಗಳನ್ನು ಉಳಿಸಿದಂತೆ.

ಇಷ್ಟಾದ ಮೇಲೆ ಶಾಲೆಗಳಲ್ಲಿ ಬಳಕೆಯಲ್ಲಿರುವ ಪರಿಹಾರಕ್ಕೆ ಬರೋಣ. ಅದು ‘ಸೊನ್ನೆ ಸೇರಿಸು’ ಎಂಬ ಸೂತ್ರ. 0.45ನ್ನೂ 0.5ನ್ನೂ ಹೋಲಿಸಬೇಕಾದರೆ 0.5ರ ಬಲಕ್ಕೆ ಒಂದು ಸೊನ್ನೆ ಬರೆದು 0.50 ಮಾಡು, 50 ಹಿರಿದು, 45 ಕಿರಿದು, ಚಿಹ್ನೆಯನ್ನು ಹಾಕು. ಉತ್ತರ ಎಂದೂ ತಪ್ಪುವುದಿಲ್ಲ. ತಪ್ಪದಿರುವುದೇ ಇದರ ಕೇಡು. ಪೂರ್ಣಾಂಕದ ಬಲಕ್ಕೆ ಸೊನ್ನೆ ಬರೆದರೆ ಅದು ಹತ್ತು ಪಟ್ಟಾಗುತ್ತದೆಂದು ಮಗು ಹಿಂದಿನ ವರ್ಷವಷ್ಟೇ ಕಲಿತಿದೆ. ಈಗ ಸೊನ್ನೆ ಬರೆದರೂ ಬೆಲೆ ಬದಲಾಗದೆಂದು ಹೇಳುತ್ತೇವೆ, ಏಕೆಂದು ಹೇಳುವುದಿಲ್ಲ. ಮಗು ಬಿಂದುವಿನ ಬಲಗಡೆಯನ್ನು ಮತ್ತೆ ಪೂರ್ಣಾಂಕವಾಗಿಯೇ ಓದಿ, ಉದ್ದವನ್ನು ಮಾತ್ರ ಸರಿಮಾಡಿಕೊಂಡು, ಹಳೆಯ ಭ್ರಮೆಯನ್ನು ಭದ್ರವಾಗಿ ಉಳಿಸಿಕೊಳ್ಳುತ್ತದೆ. ಸೂತ್ರ ಮರೆತ ದಿನ 8.45 ಮತ್ತೆ 8.5ರ ಮೇಲೇರುತ್ತದೆ.

ಆ ಸೂತ್ರಕ್ಕೆ ಅರ್ಥವಿಲ್ಲವೆಂದು ನಾವು ಹೇಳುತ್ತಿಲ್ಲ. ಅದರ ಅರ್ಥವನ್ನು ತಿಳಿಯುವುದಕ್ಕೆ ಮೂಡುಬಿದಿರೆಯ ಕಡೆಗೊಮ್ಮೆ ನೋಡಬೇಕು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಅದನ್ನು ಪ್ರಕಟಿಸುವಾಗ ಬಳಸಿಕೊಂಡ ಪ್ರತಿಗಳಲ್ಲಿ ಒಂದು, ಮೂಡುಬಿದಿರೆಯ ಜೈನ ಮಠದಲ್ಲಿದ್ದ ತಾಳೆಯೋಲೆಯಿಂದ ಕನ್ನಡ ಲಿಪಿಯಲ್ಲಿ ತೆಗೆದ ನಕಲು. ಮಹಾವೀರನಿಗೆ ದಶಮಾಂಶ ಬಿಂದು ತಿಳಿದಿರಲಿಲ್ಲ. ಆದರೆ ಭಿನ್ನರಾಶಿಗಳನ್ನು ಒಂದೇ ಛೇದಕ್ಕೆ ತರುವುದಕ್ಕಾಗಿ ಅವನು ‘ನಿರುದ್ಧ’ವೆಂಬುದನ್ನು ಹೇಳುತ್ತಾನೆ, ಈಗಿನ ಮಾತಿನಲ್ಲಿ ಅದು ಲಘುತಮ ಸಾಮಾನ್ಯ ಅಪವರ್ತ್ಯ. ಹತ್ತರಲ್ಲಿ 5 ಪಾಲನ್ನೂ ನೂರರಲ್ಲಿ 45 ಪಾಲನ್ನೂ ಹೋಲಿಸಬೇಕಾದರೆ ಹತ್ತಕ್ಕೂ ನೂರಕ್ಕೂ ನಿರುದ್ಧ ನೂರು. ಹತ್ತರಲ್ಲಿ 5 ಎಂದರೆ ನೂರರಲ್ಲಿ 50. ನಮ್ಮ ‘ಸೊನ್ನೆ ಸೇರಿಸು’ ಎಂಬುದು ಸಾವಿರ ವರ್ಷಕ್ಕೂ ಹಳೆಯದಾದ ಈ ವಿಚಾರದ ಸಿಪ್ಪೆ. ತಿರುಳನ್ನು ಮೊದಲು ಕೊಟ್ಟರೆ ಸಿಪ್ಪೆಯಿಂದ ಹಾನಿಯಿಲ್ಲ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಸೊನ್ನೆಯ ವಿಷಯದಲ್ಲಿ ಇನ್ನೊಂದು ತಕರಾರೂ ಇದೆ. ಗಣಿತದಲ್ಲಿ 2.5 = 2.50. ಪ್ರಯೋಗಶಾಲೆಯಲ್ಲಿ ಹಾಗಲ್ಲ. ಮಿಲಿಮೀಟರಿನ ಗೆರೆಗಳುಳ್ಳ ಅಳತೆಪಟ್ಟಿಯಿಂದ ಒಂದು ಕಡ್ಡಿಯನ್ನು ಅಳೆದು 2.5 ಸೆಂಟಿಮೀಟರ್ ಎಂದರೆ ಅದು 2.45ಕ್ಕೂ 2.55ಕ್ಕೂ ನಡುವೆ ಎಲ್ಲಿಯೋ ಇದೆ ಎಂದರ್ಥ. ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆದು 2.50 ಎಂದರೆ 2.495ಕ್ಕೂ 2.505ಕ್ಕೂ ನಡುವೆ ಎಂದರ್ಥ. ಕೊನೆಯ ಸೊನ್ನೆ ಒಂದು ಸಾಕ್ಷ್ಯ. ಆ ಸ್ಥಾನವನ್ನು ನೋಡಿದ್ದೇವೆ, ಅಲ್ಲಿ ಏನೂ ಇರಲಿಲ್ಲ ಎಂಬ ಸಾಕ್ಷ್ಯ. ನೋಡದೆ ಬರೆದ ಸೊನ್ನೆ ಸುಳ್ಳುಸಾಕ್ಷ್ಯ. ಪಟ್ಟಿಯಿಂದ ಅಳೆದ 2.5ನ್ನೂ ಕ್ಯಾಲಿಪರ್ಸಿನಿಂದ ಅಳೆದ 2.52ನ್ನೂ ಮುಂದಿಟ್ಟು ಯಾವ ಕಡ್ಡಿ ಉದ್ದವೆಂದು ಕೇಳಿದರೆ, ಸೊನ್ನೆ ಸೇರಿಸಿ ಕಲಿತ ವಿದ್ಯಾರ್ಥಿ ಥಟ್ಟನೆ 2.52 > 2.50 ಎನ್ನುತ್ತಾನೆ. ಸರಿಯಾದ ಉತ್ತರ, ಹೇಳಲು ಬಾರದು ಎಂಬುದೇ.

ಮಳೆಯ ಲೆಕ್ಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಭಾರತ ಹವಾಮಾನ ಇಲಾಖೆಯ ಪ್ರಕಾರ ದಿನಕ್ಕೆ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರಿನವರೆಗೆ ಬಿದ್ದುದು ಭಾರಿ ಮಳೆ, 115.6ರಿಂದ 204.4ರವರೆಗೆ ಅತಿ ಭಾರಿ. ಅದಕ್ಕೂ ಮಿಕ್ಕುದು ಅತ್ಯಂತ ಭಾರಿ. ಹಾಗಾದರೆ 115.55 ಬಿದ್ದರೆ ಯಾವ ಗುಂಪಿಗೆ ಸೇರಬೇಕೆಂದು ಚುರುಕಾದ ಹುಡುಗಿಯೊಬ್ಬಳು ಕೇಳಬಹುದು. 115.5 < 115.55 < 115.6 ಎಂಬುದು ಗಣಿತಕ್ಕೆ ನಿಸ್ಸಂದೇಹ. ಆದರೆ ಮಳೆಯನ್ನು ದಾಖಲಿಸುವುದು ಮಿಲಿಮೀಟರಿನ ಹತ್ತರಲ್ಲೊಂದು ಪಾಲಿನವರೆಗೆ ಮಾತ್ರ, 115.55 ಎಂಬ ದಾಖಲೆ ಹುಟ್ಟುವುದೇ ಇಲ್ಲ. ಸಂಖ್ಯಾರೇಖೆಯಲ್ಲಿ ಇರುವ ಬಿಂದುವೊಂದು ಮಳೆಯ ಪುಸ್ತಕದಲ್ಲಿ ಇಲ್ಲ! ಈ ಭೇದವನ್ನು ಆರನೆಯ ತರಗತಿಯಲ್ಲಿ ಬೋಧಿಸಬೇಕೆಂದು ನಾವು ಹೇಳುವುದಿಲ್ಲ. ಮುಂದೆ ಬೋಧಿಸುವುದಕ್ಕೆ ಅಡ್ಡಿಯಾಗುವಂಥದನ್ನು ಅಲ್ಲಿ ಕಲಿಸಬಾರದೆಂದಷ್ಟೇ ಹೇಳುತ್ತೇವೆ.

ಇನ್ನು ಚಿಹ್ನೆಯ ವಿಷಯ. ಸಮತೆಯ ಚಿಹ್ನೆಯನ್ನು 1557ರಲ್ಲಿ ರಾಬರ್ಟ್ ರೆಕಾರ್ಡ್ ಬಳಕೆಗೆ ತಂದನು: ಸಮಾನ ಉದ್ದದ ಎರಡು ಸಮಾನಾಂತರ ಗೆರೆಗಳು. ಅಸಮತೆಯ ಚಿಹ್ನೆಗಳು ಅಚ್ಚಿನಲ್ಲಿ ಕಾಣಿಸಿಕೊಂಡುದು 1631ರಲ್ಲಿ, ಥಾಮಸ್ ಹ್ಯಾರಿಯಟ್ ತೀರಿಕೊಂಡ ಹತ್ತು ವರ್ಷಗಳ ಮೇಲೆ ಪ್ರಕಟವಾದ ಅವನ ಗ್ರಂಥದಲ್ಲಿ. ಗೆರೆಗಳು ಅಗಲವಾಗಿ ನಿಂತ ಕಡೆ ಹಿರಿದು, ಕೂಡಿದ ಕಡೆ ಕಿರಿದು. ಆಕಾರವೇ ಅರ್ಥವನ್ನು ಹೇಳುವಾಗ, ದೊಡ್ಡದನ್ನು ನುಂಗಲು ಬಾಯಿ ತೆರೆದ ಮೊಸಳೆಯೆಂದು ಕಥೆ ಕಟ್ಟಿ ಹೇಳುವುದು ಏತಕ್ಕೋ ನಮಗೆ ತಿಳಿಯದು. ಮಗುವಿನ ನೆನಪಿನಲ್ಲಿ ಮೊಸಳೆ ಉಳಿಯುತ್ತದೆ. ತಾನು ಬರೆದುದು ಒಂದು ವಾಕ್ಯವೆಂಬುದು ಉಳಿಯುವುದಿಲ್ಲ.

ವಾಕ್ಯವೆಂದು ಓದಿಸುವಾಗ ನಮ್ಮ ಮಕ್ಕಳಿಗೆ ಇರುವ ಒಂದು ವಿಶೇಷ ತೊಡಕನ್ನು ಪಠ್ಯಪುಸ್ತಕಗಳು ಅಷ್ಟಾಗಿ ಗಮನಿಸುವುದಿಲ್ಲ. 0.45 < 0.5 ಎಂಬುದನ್ನು ಇಂಗ್ಲಿಷಿನಲ್ಲಿ ಬರೆದ ಅನುಕ್ರಮದಲ್ಲಿಯೇ ಓದಬಹುದು: ಮೊದಲನೆಯ ಸಂಖ್ಯೆ, ಬಳಿಕ ಕಿರಿದೆಂಬ ಮಾತು, ಕೊನೆಗೆ ಎರಡನೆಯ ಸಂಖ್ಯೆ. ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿ ಭಾಷೆಯಲ್ಲಿ ಹಿರಿದು ಕಿರಿದೆಂಬ ಮಾತು ಬರುವುದು ವಾಕ್ಯದ ಕೊನೆಗೆ. ‘0.45 ಎಂಬುದು 0.5ಕ್ಕಿಂತ ಕಿರಿದು’ ಎನ್ನಬೇಕಾದರೆ ಮಗು ನಡುವಿನ ಚಿಹ್ನೆಯನ್ನು ಹಾರಿ, ಎರಡನೆಯ ಸಂಖ್ಯೆಯನ್ನು ಹಿಡಿದು, ‘ಕ್ಕಿಂತ’ವನ್ನು ಅದಕ್ಕೆ ಅಂಟಿಸಿ, ಮತ್ತೆ ಚಿಹ್ನೆಗೆ ಮರಳಬೇಕು. ಕಷ್ಟವೇನೂ ಅಲ್ಲ, ಆದರೆ ಯಾರಾದರೂ ಹೇಳಿಕೊಡಬೇಕು. ಹೇಳಿಕೊಡದಿದ್ದರೆ ಚಿಹ್ನೆ ಮಾತಾಗದೆ ಚಿತ್ರವಾಗಿಯೇ ಉಳಿಯುತ್ತದೆ. ಪ್ರತಿ ಉತ್ತರವನ್ನೂ ಬರೆದೊಡನೆ ಬಾಯಿಬಿಟ್ಟು ಓದಿಸುವ ಉಪಾಧ್ಯಾಯರ ತರಗತಿಯಲ್ಲಿ ಈ ತೊಡಕು ಬೇಗನೆ ಕರಗುತ್ತದೆ.

ಬಿಂದುವಿನ ಬಲಗಡೆಯನ್ನು ಓದುವ ಬಗೆಯೂ ಬದಲಾಗಬೇಕು. ‘ಎಂಟು ಬಿಂದು ನಾಲ್ಕು ಐದು’ ಎಂದು ಬಿಡಿಬಿಡಿಯಾಗಿ ಓದಿಸಬೇಕು, ‘ನಲವತ್ತೈದು’ ಎನ್ನಕೂಡದು. ಮೊದಲ ಕೆಲವು ವಾರ ‘ನಾಲ್ಕು ದಶಾಂಶ, ಐದು ಶತಾಂಶ’ ಎಂದೇ ಹೇಳಿಸಿದರೆ ಇನ್ನೂ ಒಳ್ಳೆಯದು. ಸ್ಟೆವಿನ್ನನ ವೃತ್ತಗಳನ್ನು ಕಾಗದದ ಮೇಲೆ ಮರಳಿ ತರಲಾರೆವು. ನಾಲಗೆಯ ಮೇಲೆ ತರಬಹುದು.

ಕಣ್ಣಿಗೆ ಕಾಣುವ ಮಾದರಿ ಬೇಕೆಂದರೆ ನಮ್ಮ ಜಿಲ್ಲೆಯ ಮಕ್ಕಳಿಗೆ ಎಕ್ರೆಗಿಂತ ಉತ್ತಮವಾದುದಿಲ್ಲ. ಐದು ಸೆಂಟ್ಸಿನ ನಿವೇಶನ, ಹತ್ತು ಸೆಂಟ್ಸಿನ ಗದ್ದೆ ಎಂಬ ಮಾತುಗಳನ್ನು ಅವರು ಮನೆಯ ಜಗಲಿಯಲ್ಲಿ ಕೇಳಿಯೇ ಬೆಳೆದವರು. ಹತ್ತು ಸಾಲು ಹತ್ತು ಕಂಬಸಾಲಿನ ಚೌಕವೊಂದನ್ನು ಬರೆದು ಅದನ್ನು ಒಂದು ಎಕ್ರೆ ಎನ್ನೋಣ. ಒಂದು ಮನೆ ಒಂದು ಸೆಂಟು, ಶತಾಂಶ. ಒಂದು ಇಡೀ ಸಾಲು ದಶಾಂಶ. 0.5 ಎಂದರೆ ಐದು ಇಡೀ ಸಾಲು, 0.45 ಎಂದರೆ ನಾಲ್ಕು ಸಾಲು, ಐದನೆಯದರಲ್ಲಿ ಐದು ಮನೆ. ಬಣ್ಣ ಬಳಿದು ನೋಡಿದ ಮಗುವಿಗೆ ಸೊನ್ನೆಯ ಸೂತ್ರ ಬೇಡ. ಸೆಂಟ್ಸನ್ನು ಎಣಿಸುತ್ತ ಹೋದರೆ ಪೈಸೆಯಂತೆ ಇದೂ ಬೇಲಿಯಾದೀತೆಂಬ ಆಕ್ಷೇಪ ನಿಜ. ಅದಕ್ಕಾಗಿಯೇ ಸಾಲಿಗೆ ಒತ್ತು ಕೊಡಬೇಕು. ಸಾಲಿಗೊಂದು ಹೆಸರೂ ಸಿದ್ಧವಾಗಿದೆ. ಎಡ್ಮಂಡ್ ಗಂಟರ್ 1620ರಲ್ಲಿ ರೂಪಿಸಿದ ಭೂಮಾಪನದ ಸರಪಳಿ 66 ಅಡಿ ಉದ್ದ, 100 ಕೊಂಡಿ. ಹತ್ತು ಚದರ ಸರಪಳಿಗೆ ಒಂದು ಎಕ್ರೆ. ಒಂದು ಚದರ ಸರಪಳಿಯೆಂದರೆ ಹತ್ತು ಸೆಂಟ್ಸು, ಎಕ್ರೆಯ ದಶಾಂಶ. ಸೆಂಟ್ಸಿನ ವಾಡಿಕೆಯ ಹಿಂದೆ ದಶಮಾಂಶವನ್ನು ಚೆನ್ನಾಗಿ ಬಲ್ಲವನೊಬ್ಬನ ಸರಪಳಿ ಇದೆ.

ಇಷ್ಟೆಲ್ಲಕ್ಕೆ ಸಮಯವೆಲ್ಲಿ, ಸೂತ್ರ ಹೇಳಿದರೆ ಒಂದು ಪಿರಿಯಡಿನಲ್ಲಿ ಮುಗಿಯುತ್ತದಲ್ಲ ಎಂದು ಪ್ರಾಥಮಿಕ ಶಾಲೆಯ ಮಿತ್ರರು ಹೇಳುತ್ತಾರೆ. ಅವರ ಹೊರೆಯನ್ನು ನಾವು ಬಲ್ಲೆವು. ಕಾಲೇಜಿನಲ್ಲಿ ಕುಳಿತು ಅವರಿಗೆ ಉಪದೇಶ ಮಾಡುವುದು ಸುಲಭ. ಆದರೆ ಅಲ್ಲಿ ಉಳಿಸಿದ ಪಿರಿಯಡಿಗೆ ಇಲ್ಲಿ ಪ್ರಯೋಗಶಾಲೆಯಲ್ಲಿ ವಾರಗಟ್ಟಲೆ ಬಡ್ಡಿ ಕಟ್ಟುತ್ತಿದ್ದೇವೆ.

ಸೂತ್ರವೊಂದು ಬೇಕೇ ಬೇಕೆಂದರೆ ನಿಘಂಟಿನ ಸೂತ್ರವನ್ನು ಕೊಡಬಹುದು. ನಿಘಂಟಿನಲ್ಲಿ ‘ಕಮಲಾಕರ’ ಎಂಬ ಉದ್ದ ಪದ ‘ಕರ’ ಎಂಬ ಗಿಡ್ಡ ಪದಕ್ಕಿಂತ ಮೊದಲು ಬರುತ್ತದೆ. ಎರಡನೆಯ ಅಕ್ಷರದಲ್ಲಿಯೇ ತೀರ್ಮಾನವಾಗುವುದರಿಂದ ಉದ್ದವನ್ನು ಯಾರೂ ಕೇಳುವುದಿಲ್ಲ. ಹಾಗೆಯೇ ಬಿಂದುಗಳನ್ನು ಒಂದರ ಕೆಳಗೊಂದು ಬರೆದು, ಎಡದಿಂದ ಸ್ಥಾನ ಸ್ಥಾನವಾಗಿ ನೋಡುತ್ತ ಬಂದು, ಮೊದಲು ಭೇದ ಕಂಡಲ್ಲಿ ನಿಲ್ಲಬೇಕು. ಕಾಲೇಜಿನ ವಾಚಕರು ಇದಕ್ಕೆ ಅಪವಾದವನ್ನು ಹುಡುಕಬಹುದು: 0.4999… ಎಂದು ಒಂಬತ್ತುಗಳು ಕೊನೆಯಿಲ್ಲದೆ ಮುಂದುವರಿದರೆ ಮೊದಲ ಸ್ಥಾನದಲ್ಲಿಯೇ 4 < 5 ಆದರೂ ಅದು 0.5ಕ್ಕೆ ಸರಿಸಮ. ಒಂಬತ್ತುಗಳ ಇಂಥ ಅನಂತ ಬಾಲವಿರುವಲ್ಲಿ ಬಿಟ್ಟರೆ ಧನಸಂಖ್ಯೆಗಳಲ್ಲಿ ಸೂತ್ರ ಬೇರೆಲ್ಲಿಯೂ ಸೋಲುವುದಿಲ್ಲ.

ಮನೆಯಲ್ಲಿ ಆರನೆಯ ಏಳನೆಯ ತರಗತಿಯ ತಮ್ಮ ತಂಗಿಯರಿರುವ ವಾಚಕರು ಈ ಐದು ಜೋಡಿಗಳನ್ನು ಅವರಿಗೆ ಕೊಟ್ಟು, ನಡುವೆ ಚಿಹ್ನೆಯನ್ನು ಬರೆಯಿಸಿ, ಏಕೆಂದು ಕೇಳಿ ನೋಡಬಹುದು: 0.75 ಮತ್ತು 0.5, 0.45 ಮತ್ತು 0.5, 0.35 ಮತ್ತು 0.421, 3.04 ಮತ್ತು 3.4, 0.6 ಮತ್ತು 0.60. ಮೊದಲನೆಯದೂ ಮೂರನೆಯದೂ ಸರಿಯಾಗಿ, ಎರಡನೆಯದು ತಪ್ಪಾಗಿದ್ದರೆ ಆ ಮಗು ಉದ್ದವನ್ನು ನೋಡುತ್ತಿದೆ. ಎರಡನೆಯದು ಮಾತ್ರ ಸರಿಯಾಗಿ, ಮೊದಲನೆಯದೂ ಮೂರನೆಯದೂ ತಪ್ಪಾಗಿದ್ದರೆ ಗಿಡ್ಡತನವನ್ನು ನೋಡುತ್ತಿದೆ. ನಾಲ್ಕನೆಯದರಲ್ಲಿ ಎಡವಿದರೆ ಸ್ಥಾನವನ್ನು ಕಾಯುವ ಸೊನ್ನೆಯನ್ನು ಅದು ಇನ್ನೂ ಕಂಡಿಲ್ಲ. ಐದನೆಯದಕ್ಕೆ ಸಮವೆಂದು ಬರೆದ ಮಗುವನ್ನು ಏಕೆ ಸಮವೆಂದು ಕೇಳಿರಿ. ‘ಸೊನ್ನೆಗೆ ಬೆಲೆಯಿಲ್ಲ’ ಎಂದರೆ ಚೌಕವನ್ನು ಬರೆದು ಸಾಲುಗಳಿಗೆ ಬಣ್ಣ ಬಳಿಯಲು ಹೇಳಿರಿ.